ಕುಳಿತು ನೋಡುವ ಎತ್ತರ

ಪ್ರದರ್ಶನಕ್ಕೆ ಇನ್ನು ಆರು ದಿನ ಇರುವಾಗ ಮೇಷ್ಟ್ರು ನನ್ನನ್ನು ಕರೆದು ಅಳತೆಯ ಟೇಪನ್ನು ಕೈಗಿಟ್ಟರು. ಯಾವ ಚಿತ್ರ ಎಲ್ಲಿ, ಎಷ್ಟು ಎತ್ತರದಲ್ಲಿ, ಯಾವುದರ ಪಕ್ಕ ಎಂಬುದನ್ನೆಲ್ಲ ಈ ಸಲ ನಾನೇ ಗೊತ್ತುಮಾಡಬೇಕು ಎಂದರು. ಕಡೂರಿನ ನಮ್ಮ ಚಿತ್ರಕಲಾ ಶಾಲೆಯಲ್ಲಿ ಕೊನೆಯ ವರ್ಷದವರು ಹನ್ನೊಂದು ಜನ ಇದ್ದೆವು. ಅವರಲ್ಲಿ ನನಗಿಂತ ಚೆನ್ನಾಗಿ ಚಿತ್ರ ಬರೆಯುವವರು ಕಡಿಮೆಯೆಂದರೂ ಆರು ಜನ. ಆದರೆ ದಿನಚರಿ ಬರೆಯುವವಳು ನಾನೊಬ್ಬಳೇ. ಯಾವತ್ತು ಯಾವ ಚಿತ್ರ ಶುರುವಾಯಿತು, ಯಾರದು ಎಲ್ಲಿಗೆ ಬಂತು ಎಂದು ತಾರೀಖು ಹಾಕಿ ಬರೆದಿಡುವ ಅಭ್ಯಾಸ ನನಗೆ ಹೈಸ್ಕೂಲಿನಿಂದಲೂ ಇದೆ. ಅದನ್ನು ಕಂಡೇ ಅವರು ನನ್ನನ್ನು ಆರಿಸಿದ್ದು. ಹೊರಗಿನಿಂದ ಬರುವ ಪರೀಕ್ಷಕರು ಚಿತ್ರಗಳಿಗಷ್ಟೇ ಅಲ್ಲ, ಜೋಡಣೆಗೂ ಅಂಕ ಕೊಡುತ್ತಾರೆ ಎಂದು ಹೇಳಿ ಅವರು ಪಾಠಕ್ಕೆ ಹೊರಟುಹೋದರು. ಅವತ್ತು ಮಧ್ಯಾಹ್ನ ನನಗೆ ಬುತ್ತಿ ಸೇರಲಿಲ್ಲ.

ಸಂಜೆ ಬಸ್ ಸ್ಟ್ಯಾಂಡಿನಲ್ಲಿ ನನ್ನ ಗೆಳತಿ ಪಕ್ಕಕ್ಕೆ ಬಂದು ಕುಳಿತಳು. ಅವಳು ತರೀಕೆರೆಯವಳು, ನಾನು ಅಜ್ಜಂಪುರದವಳು. ಬೀರೂರಿನವರೆಗೆ ಇಬ್ಬರದೂ ಒಂದೇ ದಾರಿ. ಅವಳ ಅಪ್ಪನಿಗೆ ತರೀಕೆರೆಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇದೆ. ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ಹೊಸ ತಾಮ್ರದ ತಂತಿ ಸುತ್ತಿಕೊಡುತ್ತಾರೆ. ಲಿಂಗದಹಳ್ಳಿ ಕಡೆಯ ರೈತರೆಲ್ಲ ಅವರ ಗಿರಾಕಿಗಳು. ಶಿವರಾತ್ರಿ ಕಳೆದ ವಾರದಲ್ಲಿ ಅಂಗಡಿಯಲ್ಲೇ ಅವರಿಗೆ ಎದೆನೋವು ಬಂದು, ಶಿವಮೊಗ್ಗಕ್ಕೆ ಕರೆದೊಯ್ದು ಎರಡು ಸ್ಟೆಂಟ್ ಹಾಕಿಸಿದ್ದರು. ಅಂದಿನಿಂದ ಅಂಗಡಿಯ ಷಟರ್ ಎತ್ತಿರಲಿಲ್ಲ. ಅವರು ಮನೆಯಲ್ಲಿ ಮಲಗಿದ್ದ ದಿನಗಳಲ್ಲೇ ಗೆಳತಿ ಅವರ ಮುಖವನ್ನು ಇದ್ದಿಲಿನಲ್ಲಿ ಬರೆದಿದ್ದಳು. ಪೂರ್ಣ ಹಾಳೆಯ ಚಿತ್ರ, ನೆಟ್ಟಗೆ ನಮ್ಮನ್ನೇ ನೋಡುವ ಕಣ್ಣು, ಹಣೆಯ ಮೇಲೆ ಮೂರು ಗೆರೆ ವಿಭೂತಿ. ನಮ್ಮ ವರ್ಷದ ಎಲ್ಲ ಕೆಲಸಗಳಲ್ಲಿ ಅದೇ ಮೇಲು ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ.

"ಅಪ್ಪ ಭಾನುವಾರ ಬರ್ತೀನಿ ಅಂದವ್ರೆ ಕಣೇ" ಎಂದಳು. "ಆಸ್ಪತ್ರೆಯಿಂದ ಬಂದ್ಮೇಲೆ ಊರು ಬಿಟ್ಟು ಆಚೆ ಬರ್ತಿರೋದು ಇದೇ ಮೊದಲು. ಜಾಸ್ತಿ ನಡೆಯಂಗಿಲ್ಲ, ನಿಂತ್ಕಳಂಗಿಲ್ಲ. ಬಾಗಿಲಲ್ಲಿ ಕಾಲಿಟ್ಟ ತಕ್ಷಣ ಕಾಣೋ ಹಂಗೆ ಹಾಕು."

"ಎಲ್ಲಾರೂ ಅದನ್ನೇ ಕೇಳ್ತಾವ್ರೆ."

"ಎಲ್ಲಾರ ಅಪ್ಪಂಗೂ ಸ್ಟೆಂಟ್ ಹಾಕಿಲ್ವಲ್ಲ."

ಅವಳು ನಗುತ್ತಲೇ ಹೇಳಿದಳು. ಆದರೆ ಅದಾದ ಮೇಲೆ ಬಸ್ಸಿನಲ್ಲಿ ನಡೆದ ಮಾತು ನನ್ನ ನಿದ್ದೆಗೆಡಿಸಿತು. ಅವರಮ್ಮ ಭಾನುವಾರದ ಪ್ರಯಾಣ ಬೇಡವೇ ಬೇಡ ಎನ್ನುತ್ತಿದ್ದಾರಂತೆ. ಅಪ್ಪ ಮಾತ್ರ, ನನ್ನ ಮುಖ ನಾಲ್ಕು ಜನ ನೋಡುವಾಗ ನಾನೂ ನೋಡಬೇಕು ಎಂದು ಹಠ ಹಿಡಿದಿದ್ದಾರಂತೆ. ಆಸ್ಪತ್ರೆಯಿಂದ ಬಂದ ಮೇಲೆ ಅವರು ಯಾವುದಕ್ಕೂ ಹಠ ಮಾಡಿರಲಿಲ್ಲ. ಇಷ್ಟು ಉಪ್ಪು ಎಂದರೆ ಇಷ್ಟೇ, ಮಲಗಿ ಎಂದರೆ ಮಲಗುವುದು. ಇದೊಂದಕ್ಕೆ ಮಾತ್ರ ಹಳೆಯ ದನಿ ಬಂದಿದೆ, ಅದು ಸುಮ್ಮನೆ ಹೋಗಬಾರದು ಎಂದಳು.

ಶಾಲೆಯಲ್ಲಿ ಅಷ್ಟು ದೊಡ್ಡ ಕೋಣೆ ಇಲ್ಲದ್ದರಿಂದ ಹತ್ತಿರದ ಸಮುದಾಯ ಭವನವನ್ನು ಮೂರು ದಿನಕ್ಕೆ ಕೇಳಿ ಪಡೆದಿದ್ದೆವು. ಊರಿನ ಆ ಭಾಗದ ಮದುವೆ, ನಾಮಕರಣ, ಶಿವಗಣಾರಾಧನೆ ಎಲ್ಲ ಅಲ್ಲೇ ನಡೆಯುತ್ತವೆ. ಹೊಸದಾಗಿ ಬಣ್ಣ ಹೊಡೆಸಿದ್ದರಿಂದ ಒಂದೇ ಒಂದು ಮೊಳೆಯನ್ನೂ ಹೊಡೆಯಬಾರದು ಎಂಬುದು ಭವನದವರ ಷರತ್ತು. ಮಂಗಳವಾರ ನಾನು ಟೇಪು ಹಿಡಿದು ಒಬ್ಬಳೇ ಹೋದೆ. ಎರಡು ಉದ್ದ ಗೋಡೆಗಳ ಮುಂದೆ ಪೆಂಡಾಲಿನವರು ಕಬ್ಬಿಣದ ಪೈಪು ನಿಲ್ಲಿಸಿ ಬಿಳಿ ಬಟ್ಟೆ ಕಟ್ಟುತ್ತಾರೆ, ಚಿತ್ರಗಳನ್ನು ಅದಕ್ಕೆ ದಾರದಲ್ಲಿ ಇಳಿಬಿಡಬೇಕು. ಪಶ್ಚಿಮದ ಕಿಟಕಿಗಳಿಂದ ಮಧ್ಯಾಹ್ನದ ಮೇಲೆ ಬಿಸಿಲು ಬೀಳುತ್ತದೆ. ಫ್ಯಾನ್ ಹಾಕಿದರೆ ಚೌಕಟ್ಟಿಲ್ಲದ ಹಾಳೆಗಳು ಪಟಪಟ ಹೊಡೆದುಕೊಳ್ಳುತ್ತವೆ. ಇಷ್ಟೆಲ್ಲ ಕಷ್ಟಗಳನ್ನು ಬರೆದುಕೊಂಡ ಮೇಲೆ ಬಾಗಿಲಿಗೆ ನೇರ ಎದುರಾಗಿದ್ದ ವೇದಿಕೆಯ ಗೋಡೆಯನ್ನು ನೋಡಿದೆ. ನಟ್ಟನಡುವೆ ಒಂದು ಗಟ್ಟಿ ಕೊಕ್ಕೆ. ಅದರ ಮೇಲೆ ಎರಡು ಟ್ಯೂಬ್‌ಲೈಟು. ಬಾಗಿಲಲ್ಲಿ ನಿಂತು ನೋಡಿದರೆ ಕಣ್ಣು ತಾನಾಗಿ ಅಲ್ಲಿಗೇ ಹೋಗುತ್ತಿತ್ತು. ಗೆಳತಿಯ ಚಿತ್ರಕ್ಕೆ ಜಾಗ ಸಿಕ್ಕಿತು ಎಂದು ಖುಷಿಯಲ್ಲಿ ನನ್ನ ಪುಸ್ತಕದಲ್ಲಿ ಆ ಕೊಕ್ಕೆಯ ಗುರುತಿನ ಸುತ್ತ ಎರಡು ಸಲ ಗುಂಡು ಗೆರೆ ಎಳೆದೆ.

ಮನೆಯಲ್ಲಿ ಯಾರದೋ ಫ್ರಿಜ್ಜು ಬಂದಿದ್ದ ರಟ್ಟನ್ನು ಕತ್ತರಿಸಿ ಭವನದ ಗೋಡೆಗಳನ್ನು ಮಾಡಿಕೊಂಡೆ. ಅರವತ್ತೆರಡು ಚಿತ್ರಗಳಿಗೂ ಅಳತೆಗೆ ತಕ್ಕ ಕಾಗದದ ತುಂಡು ಕತ್ತರಿಸಿ, ಹಿಂದೆ ಹೆಸರು ಬರೆದು, ಗುಂಡುಸೂಜಿಯಲ್ಲಿ ಚುಚ್ಚಿ ಅತ್ತಿತ್ತ ಸರಿಸುತ್ತಾ ಕುಳಿತೆ. ನೋಡುವವರ ಕಣ್ಣಿನ ಎತ್ತರಕ್ಕೆ ಚಿತ್ರದ ನಡುಭಾಗ ಬರಬೇಕು, ನೆಲದಿಂದ ಐದು ಅಡಿ, ಎಲ್ಲವೂ ಒಂದೇ ಸಾಲು ಎಂದು ಮೇಷ್ಟ್ರು ಹೇಳಿಕೊಟ್ಟಿದ್ದರು. ಆ ಸಾಲಿಗೆ ರಟ್ಟಿನ ಮೇಲೆ ಕೆಂಪು ಗೆರೆ ಎಳೆದುಕೊಂಡಿದ್ದೆ. ಅಮ್ಮ ರಾಗಿ ಹಸನು ಮಾಡುತ್ತಾ ಒಂದು ಗಳಿಗೆ ನೋಡಿ, "ಮದುವೆ ಮಾಡೋ ವಯಸ್ಸಾಯ್ತು, ಇನ್ನೂ ಗೊಂಬೆ ಮನೆ ಕಟ್ಕಂಡು ಆಡ್ತಾಳೆ" ಎಂದು ಗೋಡೆಗೆ ಹೇಳುವಂತೆ ಹೇಳಿದಳು. ನಮ್ಮ ಹಜಾರದ ಗೋಡೆಯ ಮೇಲೆ ಬುದ್ಧನ ಪಟ, ಅದರ ಪಕ್ಕ ಪ್ಲಾಸ್ಟಿಕ್ ಹೂವಿನ ಹಾರ ಹಾಕಿದ ಅಜ್ಜನ ಫೋಟೊ. ಮೂರು ರಾತ್ರಿ ಆ ಎರಡರ ಕೆಳಗೇ ಕುಳಿತು ಈ ಕೆಲಸ ಮಾಡಿದರೂ ನನಗೆ ಏನೂ ಹೊಳೆಯಲಿಲ್ಲ.

ಬುಧವಾರ ನಕ್ಷೆ ತೋರಿಸಿದಾಗ ತಕರಾರು ತೆಗೆದವನು ನಮ್ಮ ತರಗತಿಯ ಬೀರೂರಿನವನು. ಅವನಪ್ಪ ರೈಲ್ವೆಯಲ್ಲಿ ಕೆಲಸ ಮಾಡುತ್ತಾರೆ. ಇವನು ಬೀರೂರು ಜಂಕ್ಷನ್ನಿನ ಹಳಿಗಳನ್ನು ಆರಡಿ ಅಗಲದ ಕ್ಯಾನ್ವಾಸಿನಲ್ಲಿ ಬರೆದಿದ್ದ.

"ನನ್ ರೈಲು ಮೂಲೇಲಿ, ಇವರಪ್ಪನ ಮುಖ ವೇದಿಕೇಲಿ. ಯಾಕಮ್ಮಾ, ನಿಂಗೇನು ಅವರಪ್ಪ ಫ್ರೀಯಾಗಿ ಮೋಟಾರ್ ಕಟ್ಕೊಡ್ತಾರಾ?"

"ನಿನ್ ರೈಲು ಆ ಕೊಕ್ಕೇಲಿ ನಿಲ್ಲುತ್ತೇನೋ? ಹಲಗೆ ಸಮೇತ ಎಷ್ಟು ತೂಕ ಐತೆ ನೋಡ್ಕಂಡಿದೀಯಾ?"

"ಸರಪಳಿ ಹಾಕಿ ನೇತಾಕ್ತೀನಿ. ನಮ್ಮಪ್ಪ ಇಂಜಿನ್ನೇ ಎಳ್ದವ್ರೆ."

"ನಿಮ್ಮಪ್ಪ ಟಿಕೆಟ್ ಕೌಂಟರ್‌ನಲ್ಲಿರೋದು ಕಣೋ" ಎಂದು ಗೆಳತಿ ಹೇಳಿದಾಗ ಎಲ್ಲರೂ ನಕ್ಕರು, ಅವನೂ ನಕ್ಕ. ನಾನು ಗೆದ್ದೆ ಎಂದುಕೊಂಡೆ. ಆದರೆ ಅವನ ಮಾತು ಚುಚ್ಚುತ್ತಲೇ ಇತ್ತು. ಗೆಳತಿ ಎಂಬ ಕಾರಣಕ್ಕೆ ಆ ಜಾಗ ಕೊಟ್ಟೆನೇ? ಅದು ಒಳ್ಳೆಯ ಚಿತ್ರ ಎಂಬ ಕಾರಣಕ್ಕೆ ಕೊಟ್ಟೆನೇ? ಎರಡಕ್ಕೂ ಅಂಕ ಹಾಕಿ ಕೂಡಿಸಿ ಕಳೆದು ನೋಡಿದೆ. ಉತ್ತರ ಒಂದೊಂದು ಸಲ ಒಂದೊಂದು ಬಂತು.

ಗುರುವಾರ ಗೆಳತಿಯ ಜೊತೆ ತರೀಕೆರೆಗೆ ಹೋದೆ. ಚಿತ್ರಕ್ಕೆ ಕಟ್ಟು ಹಾಕಿಸಲು ಕೊಟ್ಟಿದ್ದಳು, ಅದನ್ನು ಇಬ್ಬರೂ ಹಿಡಿದು ತರಬೇಕಿತ್ತು. ದೇವರ ಪಟಗಳಿಗೆ ಗಾಜು ಕೂರಿಸುವ ಅಂಗಡಿ ಅದು. ಅಂಗಡಿಯವನು ಕಪ್ಪು ಪಟ್ಟಿಯೊಳಗೆ ಸಣ್ಣ ಬಂಗಾರದ ಗೆರೆ ಇರುವ ಕಟ್ಟು ಹಾಕಿ, ಗಾಜನ್ನು ಒರೆಸಿ, "ಇಂಥಾವಕ್ಕೆಲ್ಲ ಇದೇ ಹೊಂದೋದು ಕಣಮ್ಮ" ಎಂದ. ನಿಜವಾಗಿಯೂ ಚೆನ್ನಾಗಿತ್ತು. ಇದ್ದಿಲಿನ ಕಪ್ಪಿಗೂ ಕಟ್ಟಿನ ಕಪ್ಪಿಗೂ ಸರಿಹೊಂದಿತ್ತು.

ಅದನ್ನು ಅವಳ ಮನೆಗೆ ಒಯ್ಯಲಿಲ್ಲ. ಅಪ್ಪ ಭಾನುವಾರವೇ ನೋಡಲಿ ಎಂದು ಪಕ್ಕದ ಮನೆಯಲ್ಲಿ ಇಟ್ಟು ನಾವಿಬ್ಬರೂ ಬರಿಗೈಯಲ್ಲಿ ಒಳಗೆ ಹೋದೆವು. ಅವಳಪ್ಪ ಹಜಾರದ ಮಂಚದ ಮೇಲೆ ದಿಂಬಿಗೆ ಒರಗಿ ಕುಳಿತಿದ್ದರು. ಕತ್ತಿನ ಸುತ್ತ ಶರ್ಟು ದೊಡ್ಡದಾಗಿ ಕಾಣುವಷ್ಟು ಸೊರಗಿದ್ದರು.

"ಬಾರಮ್ಮ. ನೀನೇನಾ ನನ್ನ ನೇತಾಕೋಳು?"

"ಬಿಡ್ತು ಅನ್ರೀ" ಎಂದು ಅಡುಗೆಮನೆಯಿಂದ ಅವಳಮ್ಮನ ದನಿ ಬಂತು. ಅವರು ಸೆರಗಿಗೆ ಕೈ ಒರೆಸುತ್ತಾ ಹೊರಗೇ ಬಂದರು. "ಬಾಯಲ್ಲಿ ಒಳ್ಳೆ ಮಾತೇ ಬರಲ್ಲ. ಬಿಡ್ತು ಅನ್ನಿ ಮೊದಲು."

"ಬಿಡ್ತು ಬಿಡ್ತು. ಚಿತ್ರಾನ ಕಣೇ ನಾನ್ ಹೇಳಿದ್ದು."

"ಚಿತ್ರಕ್ಕಾದರೂ ಅಷ್ಟೇ."

ಅವರು ನಗಲಿಲ್ಲ. ಗಂಡ ಆಸ್ಪತ್ರೆಯಲ್ಲಿದ್ದಾಗ ಆಕೆ ಆರು ದಿನ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದರೆಂದೂ, ಮನೆಗೆ ಬಂದ ಮೇಲೂ ಅವರು ಕೆಮ್ಮಿದರೆ ಎದ್ದು ಬಂದು ನೋಡುತ್ತಾರೆಂದೂ ಗೆಳತಿ ಹೇಳಿದ್ದಳು. ನಮಗೆ ಚಹಾ ಕೊಡುವಾಗ ನನ್ನನ್ನು ಕೇಳಿದರು. "ಅಲ್ಲಿ ಕೂರಕ್ಕೆ ಕುರ್ಚಿ ಐತಾ ತಾಯಿ? ಮೆಟ್ಲು ಎಷ್ಟವೆ? ಜನ ನೂಕಾಡ್ತಾರಾ?" ಒಂದೊಂದಕ್ಕೂ ಉತ್ತರ ಹೇಳಿದೆ. ಮೆಟ್ಟಿಲು ಮೂರು, ಕುರ್ಚಿ ಬೇಕಾದಷ್ಟು, ಜನ ನೂಕಾಡುವಷ್ಟು ಬರುವುದಿಲ್ಲ. ಅವರು ತಲೆಯಾಡಿಸಿದರೂ ಮತ್ತೆ ಅದನ್ನೇ ಕೇಳಿದರು.

ಶನಿವಾರ ಬೆಳಿಗ್ಗೆ ಪೆಂಡಾಲಿನವರು ಬಂದರು. ಬಿಳಿ ಬಟ್ಟೆ ಕೇಳಿದ್ದರೆ ಒಂದು ಪಕ್ಕಕ್ಕೆ ಬಿಳಿ, ಇನ್ನೊಂದು ಪಕ್ಕಕ್ಕೆ ಗುಲಾಬಿ ತಂದಿದ್ದರು. ಗುಲಾಬಿ ಪಕ್ಕದಲ್ಲಿ ಹಾಕಬೇಕಾದ ಜಲವರ್ಣಗಳನ್ನೆಲ್ಲ ಈಚೆಗೆ ತಂದು, ಈಚಿನ ಕಪ್ಪು ಬಿಳುಪು ಚಿತ್ರಗಳನ್ನು ಆಚೆಗೆ ಒಯ್ಯಬೇಕಾಯಿತು. ರಟ್ಟಿನ ಗೋಡೆಯ ಲೆಕ್ಕ ಅರ್ಧ ತಪ್ಪಿತು. ಮಧ್ಯಾಹ್ನದ ಹೊತ್ತಿಗೆ ಮೂವತ್ತೆಂಟು ಚಿತ್ರ ಸಾಲಿನಲ್ಲಿ ನಿಂತಿದ್ದವು. ವೇದಿಕೆಯ ಮೇಲೆ ಗೆಳತಿಯ ಚಿತ್ರವನ್ನು ಕೊಕ್ಕೆಗೆ ಹಾಕಿ, ಟ್ಯೂಬ್‌ಲೈಟ್ ಹಾಕಿದೆವು. ಉದ್ಘಾಟನೆಗೆಂದು ಪೆಂಡಾಲಿನವರು ತಂದ ಹಿತ್ತಾಳೆಯ ದೀಪದ ಕಂಬವನ್ನು, ಇನ್ನೆಲ್ಲೂ ಜಾಗವಿಲ್ಲವೆಂದು, ಅದರ ಮುಂದೆಯೇ ಇಟ್ಟು ಹೋದರು. ನಮ್ಮ ತರಗತಿಯ ಹುಡುಗಿಯರಿಬ್ಬರು ಕಂಬದ ಸುತ್ತ ಸೇವಂತಿಗೆ ಎಸಳಿನಲ್ಲಿ ರಂಗೋಲಿ ಹಾಕಿದರು.

ಆಗ ಒಬ್ಬ ವಯಸ್ಸಾದವರು ಒಳಗೆ ಬಂದರು. ಬಿಳಿ ಪಂಚೆ, ಹೆಗಲ ಮೇಲೆ ಟವಲು. ಮುಂದಿನ ವಾರ ತಮ್ಮ ಮೊಮ್ಮಗಳ ನಾಮಕರಣಕ್ಕೆ ಭವನ ಬೇಕಾಗಿತ್ತಂತೆ, ಅದನ್ನು ಕೇಳಲು ಬಂದವರು. ಬಾಗಿಲೊಳಗೆ ಎರಡು ಹೆಜ್ಜೆ ಇಟ್ಟವರು ವೇದಿಕೆ ಕಡೆ ನೋಡಿ ನಿಂತರು. ಹಿಂದಕ್ಕೆ ಹೋಗಿ ಚಪ್ಪಲಿ ಬಿಟ್ಟು ಬಂದರು. ಹೆಗಲ ಮೇಲಿನ ಟವಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡರು. ನೆಟ್ಟಗೆ ವೇದಿಕೆಯ ಮುಂದೆ ಹೋಗಿ ಕಣ್ಣು ಮುಚ್ಚಿ ಕೈ ಮುಗಿದರು. ಆಮೇಲೆ ಪಕ್ಕದಲ್ಲಿ ದಾರದ ಉಂಡೆ ಹಿಡಿದು ನಿಂತಿದ್ದ ಗೆಳತಿಯನ್ನು ಮೆಲ್ಲಗೆ ಕೇಳಿದರು.

"ಯಾವಾಗ ತೀರ್ಕಂಡ್ರವ್ವಾ?"

ಬೀರೂರಿನವನು ನಗಲು ಬಾಯಿ ತೆರೆದವನು ಗೆಳತಿಯ ಮುಖ ನೋಡಿ ಮುಚ್ಚಿಕೊಂಡ.

ನಾನೇ ಮುಂದೆ ಹೋಗಿ, ಅಜ್ಜ, ಇದು ಚಿತ್ರದ ಪ್ರದರ್ಶನ, ಅವರು ಇದ್ದಾರೆ, ಆರೋಗ್ಯವಾಗಿದ್ದಾರೆ ಎಂದೆ. ಅವರು ಗಾಬರಿಯಿಂದ ಟವಲನ್ನು ಮತ್ತೆ ಹೆಗಲಿಗೆ ಹಾಕಿಕೊಂಡರು. "ಈ ಕೊಕ್ಕೇಲಿ ಹೋದೋರ ಪಟ ಹಾಕೋದಲ್ವೇನವ್ವಾ? ಹನ್ನೊಂದರ ದಿನ ಇಲ್ಲೇ ತಾನೆ ಆರಾಧನೆ ಮಾಡೋದು? ನಮ್ಮಣ್ಣಂದೂ ಇಲ್ಲೇ ಹಾಕಿದ್ದು. ಅದಕ್ಕೇ ಅಂದ್ಕಂಡೆ" ಎಂದು ಹೇಳಿ, ಬಂದ ಕೆಲಸವನ್ನೂ ಕೇಳದೆ ಹೊರಟುಹೋದರು.

ನಾವೆಲ್ಲ ಬಾಗಿಲ ಬಳಿ ಹೋಗಿ ನಿಂತು ನೋಡಿದೆವು. ಕಪ್ಪು ಕಟ್ಟು, ಗಾಜು, ವಿಭೂತಿ, ಮುಂದೆ ದೀಪದ ಕಂಬ, ಸುತ್ತ ಸೇವಂತಿಗೆ, ಮೇಲಿಂದ ಬೆಳಕು. ಒಂದು ಹಾರವಷ್ಟೇ ಕಡಿಮೆ. ಗೆಳತಿಯ ಮನೆಯವರು ಇಂಥ ಭವನಗಳಲ್ಲಿ ಇಂಥ ಎಷ್ಟೋ ಕಾರ್ಯಗಳಿಗೆ ಹೋಗಿ ಊಟ ಮಾಡಿ ಬಂದವರು. ಅವಳಿಗೂ ಇಷ್ಟು ಹೊತ್ತು ಅದು ಬರೀ ಚಿತ್ರವಾಗಿತ್ತು. ಈಗ ಹೋದವರ ಪಟ ಬಿಟ್ಟು ಬೇರೇನೂ ಆಗಿ ಕಾಣಲಿಲ್ಲ.

ಅವಳು ಏಣಿ ತರದೆ ಕುರ್ಚಿಯ ಮೇಲೆ ನಿಂತು ಅದನ್ನು ಇಳಿಸಿದಳು. "ಸಂಜೆ ಮನೆಗೆ ತಗಂಡು ಹೋಗ್ತೀನಿ. ಬೇಡ."

"ನಾಳೆ ನಿಮ್ಮಪ್ಪ ಬರ್ತಾರಲ್ಲೇ."

"ಬಂದು ರೈಲು ನೋಡ್ಲಿ. ನಮ್ಮಮ್ಮ ಇದನ್ನ ನೋಡಿದ್ರೆ ಏನಾಗ್ತಾಳೆ ಗೊತ್ತಾ ನಿಂಗೆ?"

ಗೊತ್ತಿತ್ತು. ಗುರುವಾರ ನೋಡಿ ಬಂದಿದ್ದೆ. ಆದರೂ ಆ ಚಿತ್ರ ಗೋಡೆಗೆ ಮುಖ ಮಾಡಿ ಮೂಲೆಯಲ್ಲಿ ನಿಂತಿರುವುದನ್ನು ನೋಡಿ ಹಾಗೇ ಬಿಡಲು ಮನಸ್ಸಾಗಲಿಲ್ಲ. ಭಾನುವಾರ ಅವರು ಬರುವುದು ತಮ್ಮ ಮುಖ ನೋಡಲು. ಅದು ಇಲ್ಲ ಎಂದರೆ ಕಾರಣ ಕೇಳುತ್ತಾರೆ. ಕಾರಣ ಹೇಳುವುದು ಹೇಗೆ? ಹೇಳದೆ ಇರುವುದು ಹೇಗೆ? ಬೇರೆ ಗೋಡೆಗೆ ಹಾಕೋಣ ಎಂದು ಮೂರು ಕಡೆ ಹಿಡಿದು ನೋಡಿದೆ. ಎಲ್ಲಿ ಹಿಡಿದರೂ ಹಾಗೆಯೇ ಕಾಣುತ್ತಿತ್ತು. ಒಮ್ಮೆ ಕಂಡದ್ದನ್ನು ಕಣ್ಣಿನಿಂದ ಅಳಿಸಲು ಆಗಲಿಲ್ಲ.

ಅರ್ಧ ಗಂಟೆ ಒಬ್ಬಳೇ ಮೆಟ್ಟಿಲ ಮೇಲೆ ಕುಳಿತಿದ್ದೆ. ನಮ್ಮ ಹಜಾರದ ಅಜ್ಜನ ಫೋಟೊ ನೆನಪಿಗೆ ಬಂತು. ಅವರದು ನಮ್ಮಲ್ಲಿ ಇರುವುದು ಅದೊಂದೇ. ಯಾವುದೋ ಗುರುತಿನ ಚೀಟಿಗೆ ತೆಗೆಸಿದ್ದನ್ನು ದೊಡ್ಡದು ಮಾಡಿಸಿದ್ದು. ಅವರು ಬೀಡಿ ಹಚ್ಚುತ್ತಿರುವುದಾಗಲಿ, ಎಮ್ಮೆ ಮೈ ತೊಳೆಯುವುದಾಗಲಿ, ಅಜ್ಜಿಯನ್ನು ಬೈಯುತ್ತಿರುವುದಾಗಲಿ ಎಲ್ಲೂ ಇಲ್ಲ. ಹೋದವರದು ಒಂದೇ ಪಟ, ಒಂದೇ ಮುಖ, ಎಲ್ಲರ ತಲೆಗಿಂತ ಮೇಲೆ.

ಒಳಗೆ ಹೋಗಿ ಗೆಳತಿಯನ್ನು ಕೇಳಿದೆ. "ಇದನ್ನ ಬರೆಯೋಕೆ ಮುಂಚೆ ಕಚ್ಚಾ ಬರೆದಿದ್ಯಲ್ಲ, ಆ ಹಾಳೆ ಎಲ್ಲವೆ?"

"ಶಾಲೇಲಿ, ನನ್ ಫೈಲಲ್ಲಿ. ಅವು ತೋರಿಸೋ ಅಂಥವಲ್ಲ ಕಣೇ. ಒಂದ್ರಲ್ಲಿ ಕಿವಿ ಎಲ್ಲೋ ಐತೆ."

"ಇರಲಿ, ತಗಂಬಾ."

ತಂದಳು. ಹದಿನಾರು ಹಾಳೆಗಳು. ಮಾತ್ರೆ ನುಂಗಲು ತಲೆ ಹಿಂದೆ ಮಾಡಿದ ಅಪ್ಪ. ಉಪ್ಪಿಲ್ಲದ ಸಾರಿನ ಬಟ್ಟಲನ್ನು ದುರುಗುಟ್ಟಿ ನೋಡುವ ಅಪ್ಪ. ಮಂಚದ ಮೇಲೆಯೇ ಸಣ್ಣ ಮೋಟಾರಿನ ಖಾಲಿ ಚಿಪ್ಪನ್ನು ತೊಡೆಯ ಮೇಲಿಟ್ಟುಕೊಂಡು ತಂತಿ ಸುತ್ತುವ ಬೆರಳುಗಳು. ಫೋನಿನಲ್ಲಿ ಯಾವನೋ ಗಿರಾಕಿಗೆ ಬೈಯುತ್ತಿರುವುದು. ಉಗುರು ಕತ್ತರಿಸಿಕೊಳ್ಳುತ್ತಿರುವುದು. ಅವುಗಳಲ್ಲಿ ಒಂಬತ್ತನ್ನು ಆರಿಸಿದೆ. ಕಣ್ಣು ಮುಚ್ಚಿ ಮಲಗಿದ್ದನ್ನೆಲ್ಲ ಬೇಕೆಂತಲೇ ಪಕ್ಕಕ್ಕಿಟ್ಟೆ. ದೊಡ್ಡ ಚಿತ್ರದ ಕಟ್ಟು ಬಿಚ್ಚಿದೆವು. ಅಷ್ಟು ಚೆಂದದ ಕಟ್ಟನ್ನು ಬಿಚ್ಚುವಾಗ ಬೀರೂರಿನವನೇ ಗಾಜು ಒಡೆಯದಂತೆ ಹಿಡಿದುಕೊಂಡ.

ಇನ್ನು ಜಾಗ. ಬಾಗಿಲಿಗೆ ತೀರ ಹತ್ತಿರ, ಎಡಗಡೆಯ ಮೊದಲ ತುಂಡು ಬಟ್ಟೆ. ಅಲ್ಲಿ ಅವರಿಗೆ ನಡೆಯುವ ಕೆಲಸವೇ ಇಲ್ಲ. ನಿಲ್ಲಬಾರದು ಎಂದಮೇಲೆ ಕುಳಿತೇ ನೋಡಬೇಕು. ಕುಳಿತು ನೋಡುವವರಿಗೆ ಐದು ಅಡಿ ಎತ್ತರದ ಸಾಲು ಯಾಕೆ? ನಾನು ಇದುವರೆಗೂ ಅವರನ್ನು ಬಾಗಿಲಲ್ಲಿ ನಿಲ್ಲಿಸಿಯೇ ಲೆಕ್ಕ ಹಾಕಿದ್ದೆ. ಗೆಳತಿ ಅಪ್ಪನಷ್ಟೇ ಎತ್ತರ. ಅವಳನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನೆಲದಿಂದ ಕಣ್ಣಿನವರೆಗೆ ಅಳೆದೆ. ಮೂರು ಅಡಿ ಒಂಬತ್ತು ಇಂಚು. ದೊಡ್ಡ ಚಿತ್ರದ ನಡುಭಾಗವನ್ನು ಅಲ್ಲಿಗೆ ಇಳಿಸಿ, ಸುತ್ತ ಆ ಒಂಬತ್ತು ಹಾಳೆಗಳನ್ನು ಒತ್ತೊತ್ತಾಗಿ ಕಟ್ಟಿದೆವು. ದೂರ ನಿಂತು ನೋಡಿದರೆ ಒಬ್ಬ ಮನುಷ್ಯ ಮನೆತುಂಬ ಓಡಾಡಿಕೊಂಡಿರುವ ಹಾಗಿತ್ತು.

ವೇದಿಕೆಯ ಗೋಡೆ ಖಾಲಿ ಉಳಿಯಿತು. ಬೀರೂರಿನವನು ಹೋಗಿ ಸರಪಳಿ ತಂದ. ಕೊಕ್ಕೆ ಅವನ ರೈಲಿನ ಭಾರವನ್ನು ತಡೆಯಿತು.

ಸಂಜೆ ಮೇಷ್ಟ್ರು ಬಂದು ಬಾಗಿಲಲ್ಲೇ ನಿಂತರು. "ಸಾಲು ಮುರಿದುಬಿಟ್ಟೆಯಲ್ಲಮ್ಮ. ಮೊದಲ ಜಾಗದಲ್ಲೇ ಇಷ್ಟು ಕೆಳಗೆ. ಕಚ್ಚಾ ಕೆಲಸ ಬೇರೆ." ನಡೆದದ್ದನ್ನು ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಒಪ್ಪಿದೆ ಎನ್ನಲಿಲ್ಲ. "ನಾಡಿದ್ದು ಪರೀಕ್ಷಕರು ಕೇಳಿದರೆ ನೀನೇ ಉತ್ತರ ಹೇಳು" ಎಂದರು.

ಭಾನುವಾರ ಬೆಳಿಗ್ಗೆಯಿಂದ ನನ್ನ ಕಣ್ಣು ಬಾಗಿಲ ಮೇಲೇ ಇತ್ತು. ಹತ್ತೂವರೆಯ ಹೊತ್ತಿಗೆ ಪಕ್ಕದ ಮನೆಯವರ ಓಮ್ನಿಯಲ್ಲಿ ಅವರು ಬಂದರು. ಒಂದು ಕೈ ಮಗಳ ಹೆಗಲ ಮೇಲೆ, ಇನ್ನೊಂದು ಕೈಯನ್ನು ಹೆಂಡತಿ ಹಿಡಿದಿದ್ದರು. ಮೂರು ಮೆಟ್ಟಿಲನ್ನು ಮೂರು ಊರು ದಾಟುವಂತೆ ದಾಟಿದರು. ಕುರ್ಚಿಯಲ್ಲಿ ಕೂರಿಸಿದೆವು. ಅವರು ಉಸಿರು ಸರಿಮಾಡಿಕೊಂಡು ತಲೆ ಎತ್ತಿದರೆ ಎದುರಿಗೇ ಅವರದೇ ಮುಖ. ಬಹಳ ಹೊತ್ತು ನೋಡಿದರು.

"ನನ್ ಮೂಗು ಇಷ್ಟು ದಪ್ಪ ಐತೇನೇ?" ಎಂದು ಹೆಂಡತಿಯನ್ನು ಕೇಳಿದರು.

"ಇನ್ನೂ ಕಮ್ಮಿ ಬರೆದವ್ಳೆ" ಎಂದರು ಆಕೆ. ಸಾರಿನ ಬಟ್ಟಲಿನ ಹಾಳೆಯ ಹತ್ತಿರ ಬಗ್ಗಿ ನೋಡಿ, "ನಾನ್ ಮಾಡಿದ ಸಾರು ಇಷ್ಟೊಂದು ಕೆಟ್ಟದಾಗಿತ್ತಾ" ಎಂದರು. ಮೊದಲ ಬಾರಿಗೆ ಅವರ ಮುಖದಲ್ಲಿ ನಗೆಯಂಥದ್ದು ಕಂಡೆ. ಗೆಳತಿ ನನ್ನ ಕೈಯನ್ನು ಜೋರಾಗಿ ಹಿಚುಕಿದಳು.

ಬಂದವರೆಲ್ಲ ಮೊದಲು ಚಿತ್ರ ನೋಡಿ, ಆಮೇಲೆ ಕುರ್ಚಿಯಲ್ಲಿ ಕುಳಿತವರನ್ನು ನೋಡಿ, ಮತ್ತೆ ಚಿತ್ರ ನೋಡುತ್ತಿದ್ದರು. ಅವರು "ನಾನೇ ಕಣ್ರೀ" ಎನ್ನುತ್ತಿದ್ದರು. ಒಬ್ಬರು ಅಲ್ಲೇ ತಮ್ಮ ಬೋರ್‌ವೆಲ್ ಮೋಟಾರಿನ ಕಥೆ ತೆಗೆದರು. ನಾನು ಸ್ವಲ್ಪ ಸಮಾಧಾನಪಟ್ಟು ನೀರು ಕುಡಿಯಲು ಹೋದೆ. ತಿರುಗಿ ಬರುವಷ್ಟರಲ್ಲಿ ಬಾಗಿಲಲ್ಲಿ ಬಿಳಿ ಪಂಚೆ, ಹೆಗಲ ಮೇಲೆ ಟವಲು. ನಿನ್ನೆ ಕೇಳದೆ ಹೋದ ನಾಮಕರಣದ ದಿನವನ್ನು ಕೇಳಲು ಬಂದಿದ್ದರು.

ಅಷ್ಟು ಜನರ ನಡುವೆ ನನಗೆ ಓಡಲೂ ಆಗಲಿಲ್ಲ, ಕೂಗಿ ಕರೆಯಲೂ ಆಗಲಿಲ್ಲ. ಅವರು ಗೆಳತಿಯನ್ನು ಗುರುತು ಹಿಡಿದರು. ಕೆಳಗಿಳಿದ ಚಿತ್ರವನ್ನು ನೋಡಿದರು. ಕುರ್ಚಿಯಲ್ಲಿದ್ದವರನ್ನು ನೋಡಿದರು. ಅವರ ಮುಖ ಅರಳಿತು.

"ನೀವೇನಾ ಯಜಮಾನ್ರೇ? ನಿನ್ನೆ ನಿಮ್ಗೆ ಕೈ ಮುಗಿದು ಹೋಗಿದ್ದೆ ಕಣ್ರೀ. ಅಗಾ, ಆ ರೈಲು ನೇತಾಕಿರೋ ತಾವ. ಹೋಗ್ಬಿಟ್ಟವ್ರೆ ಅಂದ್ಕಂಡಿದ್ದೆ."

ಅವಳಪ್ಪ ಒಂದು ಕ್ಷಣ ಅರ್ಥವಾಗದೆ ನೋಡಿ, ಆಮೇಲೆ ಎದೆಯ ಮೇಲೆ ಕೈಯಿಟ್ಟುಕೊಂಡು ನಕ್ಕರು. ಆ ಕೈ ಎದೆಯ ಮೇಲೆ ಹೋದದ್ದಕ್ಕೇ ನನ್ನ ಜೀವ ಹಾರಿತು. "ಹೋಗಿದ್ದೆ ಕಣ್ರೀ, ಶಿವಮೊಗ್ಗದಿಂದ ವಾಪಸ್ ಕಳಿಸಿದ್ರು" ಎಂದರು.

"ಹಂಗೆ ಸುದ್ದಿ ಹುಟ್ಟಿದ್ರೆ ಆಯಸ್ಸು ಜಾಸ್ತಿ ಬಿಡಿ" ಎಂದರು ಆ ಹಿರಿಯರು.

ಅವಳಮ್ಮ ಬಿಡ್ತು ಎನ್ನಲಿಲ್ಲ. ಗೆಳತಿ ಅಮ್ಮಾ ಅಮ್ಮಾ ಎಂದು ಹಿಂದೆ ಹೋದರೂ ನಿಲ್ಲದೆ ವೇದಿಕೆಯವರೆಗೆ ನಡೆದು ಹೋಗಿ, ರೈಲಿನ ಚಿತ್ರದ ಮೇಲಿದ್ದ ಕೊಕ್ಕೆಯನ್ನು, ದೀಪದ ಕಂಬವನ್ನು, ಬಾಡಿದ ಸೇವಂತಿಗೆಯನ್ನು ನೋಡಿದರು. ವಾಪಸ್ಸು ಬಂದು ಮಗಳಿಗೆ, "ಇಲ್ಲಿಗೆ ತಂದು ಹಾಕಿದ್ದು ಯಾರು?" ಎಂದು ಕೇಳಿದರು. ಗೆಳತಿ ನನ್ನ ಕಡೆ ತೋರಿಸಿದಳು. ನಾನು ತಲೆ ತಗ್ಗಿಸಿದೆ. ಆ ಕೊಕ್ಕೆಗೆ ಹಾಕಿದವಳೂ ನಾನೇ ಎಂಬುದನ್ನು ಹೇಳಲಿಲ್ಲ.

ಚಿತ್ರವನ್ನು ಈಗಲೇ ಬಿಚ್ಚಿ ಕೊಡಿ ಎನ್ನುತ್ತಾರೆಂದು ಕಾದೆ. ಅವರು ಗಂಡನ ಕೈ ಹಿಡಿದು ಎಬ್ಬಿಸಿದರು. "ನೀವು ಅಲ್ಲಿ ಹೋಗಿ ಕೂತ್ಕಳಿ, ಫ್ಯಾನ್ ಗಾಳಿ ಬತ್ತದೆ. ಇವರ ಜೊತೆ ಮಾತಾಡ್ಕಂಡಿರಿ." ಟವಲಿನವರೂ ಅವರೂ ಎದುರು ಗೋಡೆಯ ಕಡೆಗೆ ಹೋಗಿ ಕುಳಿತು ಸಕ್ಕರೆ ಇಲ್ಲದ ಚಹಾ ತರಿಸಿಕೊಂಡರು. ಖಾಲಿಯಾದ ಕುರ್ಚಿಯನ್ನು ಅವಳಮ್ಮ ತಿರುಗಿಸಿ, ಚಿತ್ರಕ್ಕೆ ಬೆನ್ನು ಕೊಟ್ಟು, ಬಾಗಿಲ ಕಡೆ ಮುಖ ಮಾಡಿ ತಾವೇ ಕುಳಿತರು. ಯಾರಾದರೂ ಬಂದು ಚಿತ್ರದ ಮುಂದೆ ನಿಂತರೆ, ಅವರು ಬಾಯಿ ತೆರೆಯುವ ಮೊದಲೇ ಕೈಯೆತ್ತಿ ತೋರಿಸುತ್ತಿದ್ದರು.

"ನಮ್ಮೆಜಮಾನ್ರು. ಅಗಾ, ಅಲ್ಲಿ ಟೀ ಕುಡೀತಾವ್ರಲ್ಲ, ಅವರೇ."

ಊಟಕ್ಕೂ ಏಳಲಿಲ್ಲ. ಮೂರು ಗಂಟೆಗೆ ಹೊರಡುವಾಗ ನನ್ನ ಹತ್ತಿರ ಬಂದು, "ನಾಳೆ ಇಲ್ಲಿ ಯಾರಾದ್ರೂ ಕೂತಿರಬೇಕು ತಾಯಿ. ಸುಮ್ನೆ ಬಿಡಬ್ಯಾಡ. ಮುಗಿದ ತಕ್ಷಣ ಮನೆಗೆ ಕಳಿಸ್ಬಿಡು" ಎಂದರು. ಆಗಲಿ ಎಂದೆ.

ಸೋಮವಾರ ಗೆಳತಿ ಬರಲಿಲ್ಲ. ಬೀರೂರಿನಲ್ಲಿ ನಾವಿಬ್ಬರೂ ಸೇರುವ ಬಸ್ಸಿನಲ್ಲಿ ಅವಳಿರಲಿಲ್ಲ, ಮುಂದಿನದರಲ್ಲೂ ಇರಲಿಲ್ಲ. ಫೋನು ಮಾಡಿದೆ, ರಿಂಗಾಯಿತು, ಎತ್ತಲಿಲ್ಲ. ನಿನ್ನೆಯ ಮೂರು ಮೆಟ್ಟಿಲು, ಓಮ್ನಿಯ ಕುಲುಕಾಟ, ಎದೆಯ ಮೇಲೆ ಹೋದ ಕೈ ಎಲ್ಲವೂ ನನ್ನ ತಲೆಯಲ್ಲಿ ಒಂದರ ಹಿಂದೊಂದು ಬಂದವು. ಮಾತು ಕೊಟ್ಟಂತೆ ಆ ಕುರ್ಚಿಯಲ್ಲಿ ಬಾಗಿಲಿಗೆ ಮುಖ ಮಾಡಿ ಕುಳಿತೆ. ಬಂದವರಿಗೆ ನಾನೂ ಹೇಳುತ್ತಾ ಹೋದೆ. ಇವರು ತರೀಕೆರೆಯವರು, ಮೋಟಾರ್ ವೈಂಡಿಂಗ್ ಮಾಡ್ತಾರೆ, ನಿನ್ನೆ ಬಂದಿದ್ರು. ಹೇಳುವ ನಡುನಡುವೆ ಫೋನು ತೆಗೆದು ನೋಡುತ್ತಿದ್ದೆ.

ಹನ್ನೊಂದು ಗಂಟೆಗೆ ಮೇಷ್ಟ್ರ ಜೊತೆ ಪರೀಕ್ಷಕರು ಬಂದರು. ಎಲ್ಲ ಗೋಡೆಗಳನ್ನು ಸುತ್ತಿ ಕೊನೆಗೆ ನನ್ನ ಹತ್ತಿರ ಬಂದು ಬಗ್ಗಿದರು.

"ಇದೊಂದನ್ನ ಯಾಕೆ ಇಷ್ಟು ಕೆಳಗೆ ಹಾಕಿದ್ದೀರಿ?"

"ಇವರು ಕೂತ್ಕೊಂಡು ನೋಡಬೇಕಿತ್ತು ಸರ್. ಜಾಸ್ತಿ ಹೊತ್ತು ನಿಲ್ಲಂಗಿಲ್ಲ."

ಅವರು ನನ್ನನ್ನು ಏಳಿಸಿ ಕುರ್ಚಿಯಲ್ಲಿ ತಾವು ಕುಳಿತರು. ಸ್ವಲ್ಪ ಹೊತ್ತು ನೋಡಿದರು. "ಈಗ ಎಲ್ಲಿದ್ದಾರೆ?"

"ತರೀಕೆರೇಲಿ ಸರ್. ಆರಾಮಾಗಿದ್ದಾರೆ" ಎಂದೆ. ಅವರು ಏನೋ ಬರೆದುಕೊಂಡು ಎದ್ದರು. ಎಷ್ಟು ಅಂಕ ಎಂದು ಆಮೇಲೆ ತಿಳಿಯಿತು, ಅವತ್ತು ಅದರ ಯೋಚನೆಯೇ ಬರಲಿಲ್ಲ.

ಒಂದು ಗಂಟೆಗೆ ಗೆಳತಿ ಬಂದಳು. ಕೂದಲು ಕೆದರಿತ್ತು, ಎರಡೂ ಅಂಗೈಗೆ ಕರಿ ಗ್ರೀಸು ಮೆತ್ತಿತ್ತು. ನಾನು ಎದ್ದು ನಿಂತೆ.

"ಬೆಳಿಗ್ಗೆ ಎದ್ದು ಅಂಗಡಿ ತೆಗೀತೀನಿ ಅಂತ ಹಠ" ಎಂದಳು. "ಅಮ್ಮ ಬ್ಯಾಡ ಅಂತ ಬೀಗದ ಕೈ ಬಚ್ಚಿಟ್ಟಳು, ಅದನ್ನ ಹುಡುಕೋಕೆ ಒಂದು ಗಂಟೆ. ಷಟರ್ ತುಕ್ಕು ಹಿಡಿದು ಕೂತೈತೆ. ಅವರು ಎತ್ತಂಗಿಲ್ಲ, ಇನ್ಯಾರು ಎತ್ತಬೇಕು? ಫೋನ್ ಮನೇಲೇ ಬಿಟ್ಟಿದ್ದೆ ಕಣೇ. ಏನೇ, ಯಾಕೆ ಹಂಗೆ ನೋಡ್ತಿದೀಯಾ?"

ನಾನು ಕುರ್ಚಿಯನ್ನು ಅವಳ ಕಡೆ ತಳ್ಳಿ, ಕೈ ತೊಳೆದುಕೊಂಡು ಬಂದು ಇಲ್ಲಿ ಕೂತ್ಕೊ, ನಾನು ಊಟ ಮಾಡಿ ಬರುತ್ತೇನೆ ಎಂದೆ.